ಕೆಮ್ಮಿದರೆ ಎಷ್ಟಾಣೆ ನೋವು?

ಆಪರೇಷನ್ ಆದ ಮರುದಿನ ಬೆಳಿಗ್ಗೆ ನಮ್ಮ ಸೋದರಮಾವನ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಒಳಗೆ ಮೂರು ಬಣ್ಣದ ಚೆಂಡು, ಪಕ್ಕಕ್ಕೊಂದು ಕೊಳವೆ. ಮಾವ ಕೊಳವೆಯನ್ನು ಬಾಯಿಗಿಟ್ಟುಕೊಂಡು ಒಲೆ ಊದುವ ಹಾಗೆ ಫೂ ಅಂತ ಊದಿದರು. ಚೆಂಡು ಅಲುಗಲಿಲ್ಲ. ಇನ್ನೊಂದು ಸಲ ಊದಿದರು. "ಕೆಟ್ಟೋಗೈತೆ ಕಣ್ಲಾ ಇದು" ಅಂತ ಪಕ್ಕಕ್ಕಿಟ್ಟರು. ವಾರ್ಡಿನಲ್ಲಿ ಆಚೆ ಈಚೆ ನೋಡಿದರೆ ಇನ್ನಿಬ್ಬರು ಊದುತ್ತಲೇ ಇದ್ದರು. ಅದು ಊದುವ ಸಾಮಾನೇ ಅಲ್ಲ. ಎಳನೀರಿಗೆ ಸ್ಟ್ರಾ ಹಾಕಿ ಹೀರುವ ಹಾಗೆ ಉಸಿರನ್ನು ಒಳಗೆ ಎಳೆದುಕೊಳ್ಳಬೇಕು. ಅದನ್ನು ಕೂತು ಹೇಳಿಕೊಡಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಮಾವನದು ಪಾಂಡವಪುರದ ಕಡೆಯ ಹಳ್ಳಿ. ಕಬ್ಬು, ಭತ್ತ, ಜೊತೆಗೆ ನಲವತ್ತು ವರ್ಷದ ಬೀಡಿ. ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಹೊಟ್ಟೆಯಲ್ಲಿ ಹಳೆಯ ಆಪರೇಷನ್ನಿನ ಅಂಟು ಇದ್ದದ್ದರಿಂದ ಸಣ್ಣ ತೂತು ಹಾಕಿ ತೆಗೆಯೋಕೆ ಆಗಲ್ಲ, ಕೊಯ್ದೇ ಮಾಡಬೇಕು ಅಂದಿದ್ದರು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಆರು ರಾತ್ರಿ ಅವರ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದ್ದೆ. ಆಪರೇಷನ್ ಆದ ಮೇಲಿನ ನೋವನ್ನು ಕಡಿಮೆ ಮಾಡೋದು ಹೇಗೆ ಅಂತ ಜಗತ್ತು ಎಷ್ಟು ತಲೆ ಕೆಡಿಸಿಕೊಂಡಿದೆ ಅಂತ ನನಗೆ ಗೊತ್ತಾಗಿದ್ದು ಆ ಆರು ದಿನದಲ್ಲಿ, ಮತ್ತೆ ಆಮೇಲೆ ಓದಿದ್ದರಲ್ಲಿ.

ಮೊದಲು ಒಂದು ವಿಷಯ. ನೋವು ಅಂದರೆ ಸಹಿಸಿಕೊಂಡರೆ ಮುಗಿಯುವ ಸಂಗತಿ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. "ಕೊಯ್ದ ಮೇಲೆ ನೋಯದೇ ಇರುತ್ತಾ" ಅಂತ ಮಾವನೇ ಹೇಳುತ್ತಿದ್ದರು. ಆದರೆ ಪಕ್ಕೆಲುಬಿನ ಕೆಳಗೆ ಕೊಯ್ದಿರುವಾಗ ಪ್ರತಿ ಉಸಿರಿಗೂ ಗಾಯ ಜಗ್ಗುತ್ತದೆ. ಆಗ ಮನುಷ್ಯ ತನಗೇ ತಿಳಿಯದ ಹಾಗೆ ಉಸಿರನ್ನು ಚಿಕ್ಕದು ಮಾಡಿಕೊಳ್ಳುತ್ತಾನೆ. ಶ್ವಾಸಕೋಶದ ತಳಭಾಗ ಸರಿಯಾಗಿ ಅರಳುವುದಿಲ್ಲ. ಕೆಮ್ಮು ಬಂದರೆ ಹೊಲಿಗೆ ಬಿಟ್ಟುಕೊಳ್ಳುತ್ತೇನೋ ಅಂತ ಹೆದರಿ ಅದುಮಿಡುತ್ತಾನೆ. ಕಫ ಒಳಗೇ ನಿಲ್ಲುತ್ತದೆ. ನಿಂತ ನೀರಿನಲ್ಲಿ ಸೊಳ್ಳೆ ಆದ ಹಾಗೆ ನಿಂತ ಕಫದಲ್ಲಿ ಸೋಂಕು ಬೆಳೆಯುತ್ತದೆ. ಮೂರನೇ ದಿನ ಜ್ವರ, ನ್ಯುಮೋನಿಯ. ಇತ್ತ ನೋವಿಗೆ ಹೆದರಿ ಎದ್ದು ಓಡಾಡದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಹಾಗಾಗಿ ನೋವು ಬೇರೆ, ತೊಂದರೆ ಬೇರೆ ಅಲ್ಲ. ಎಷ್ಟೋ ಸಲ ಎರಡನೆಯದಕ್ಕೆ ಬಾಗಿಲು ತೆಗೆಯೋದೇ ಮೊದಲನೆಯದು.

ಈ ನೋವನ್ನು ಅಳೆಯೋದು ಹೇಗೆ? ಜ್ವರಕ್ಕೆ ಥರ್ಮಾಮೀಟರ್ ಇದೆ, ನೋವಿಗೆ ಇಲ್ಲ. ಕೇಳಬೇಕು, ಅಷ್ಟೇ. ಅರಿವಳಿಕೆ ವಿಭಾಗದ ಪಿಜಿ ಡಾಕ್ಟರ್ ಒಬ್ಬರು ಬರುತ್ತಿದ್ದರು. ಹುಬ್ಬಳ್ಳಿ ಕಡೆಯ ಹುಡುಗಿ. "ನೋವು ಹತ್ತಕ್ಕ ಎಷ್ಟ ಐತ್ರಿ ಅಜ್ಜಾರ? ಸೊನ್ನಿ ಅಂದ್ರ ನೋವಿಲ್ಲ, ಹತ್ತ ಅಂದ್ರ ತಡಕೊಳ್ಳಾಕ ಆಗಂಗಿಲ್ಲ." ಮಾವ ಸೂರು ನೋಡುತ್ತಾ ಯೋಚಿಸಿದರು. "ಅಂಗೆಲ್ಲ ಹೇಳಕ್ಕಾಗಲ್ಲ ಕಣವ್ವ. ರೂಪಾಯ್ಗೆ ಎಷ್ಟು ಅಂದ್ರೆ ಹೇಳ್ಬೌದು." ಸರಿ ಹೇಳ್ರಿ ಅಂದರು. "ಸುಮ್ನೆ ಮಲಗಿದ್ರೆ ನಾಲ್ಕಾಣೆ. ಕೆಮ್ಮಿದ್ರೆ ಹನ್ನೆರಡಾಣೆ." ಆ ಡಾಕ್ಟರ್ ನಕ್ಕು, ರೂಪಾಯಿಗೆ ಹದಿನಾರಾಣೆಯ ಹಾಗೆ ಮನಸ್ಸಿನಲ್ಲೇ ಲೆಕ್ಕ ಹಾಕಿ, ಹತ್ತಕ್ಕೆ ಮೂರು ಮತ್ತು ಎಂಟು ಅಂತ ಬರೆದುಕೊಂಡರು.

ಮಾವನಿಗೆ ಗೊತ್ತಿಲ್ಲದೇ ಅವರು ಆ ವಿಷಯದ ತಿರುಳನ್ನೇ ಹೇಳಿದ್ದರು. ಮಲಗಿದಾಗಿನ ನೋವು ಬೇರೆ, ಅಲುಗಿದಾಗಿನ ನೋವು ಬೇರೆ. ಶ್ವಾಸಕೋಶವನ್ನು ಕಾಪಾಡುವುದು ಎರಡನೆಯದು ಇಳಿದಾಗಲೇ. ಯಾವುದಾದರೂ ಔಷಧಿ "ನೋವು ಕಡಿಮೆ ಮಾಡಿತು" ಅಂತ ಓದಿದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ: ಮಲಗಿದ್ದಾಗಲೋ, ಕೆಮ್ಮಿದಾಗಲೋ? ಎಷ್ಟು ಇಳಿಯಿತು ಅನ್ನೋದೂ ಮುಖ್ಯ. ಹತ್ತರಲ್ಲಿ ಒಂದು ಅಂಕವಾದರೂ ಇಳಿಯದಿದ್ದರೆ ರೋಗಿಗೆ ವ್ಯತ್ಯಾಸವೇ ಗೊತ್ತಾಗಲ್ಲ ಅನ್ನುತ್ತಾರೆ ಇದನ್ನು ಅಳೆದವರು.

ಇಷ್ಟೆಲ್ಲ ಅವರು ಯಾಕೆ ಬರೆದುಕೊಳ್ಳುತ್ತಿದ್ದರು ಅಂದರೆ ಮಾವ ಒಂದು ಅಧ್ಯಯನದಲ್ಲಿದ್ದರು. ಅದಕ್ಕೂ ಮುಂಚೆ ಒಂದು ರಾಮಾಯಣ ಆಗಿತ್ತು. ಆಪರೇಷನ್ನಿನ ಹಿಂದಿನ ಸಂಜೆ ಕನ್ನಡದಲ್ಲಿ ಬರೆದ ನಾಲ್ಕು ಹಾಳೆ ತಂದು ಸಹಿ ಕೇಳಿದಾಗ ಅತ್ತೆ ಅಳುವುದೊಂದು ಬಾಕಿ. "ನಮ್ಮ ಮ್ಯಾಲೇ ಪ್ರಯೋಗ ಮಾಡ್ತಾರಂತೆ! ಬಡವ್ರು ಅಂತ ತಾನೆ?" ಈ ಭಯ ಸುಳ್ಳು ಅನ್ನೋಕಾಗಲ್ಲ. ಕೇಳದೇ ಜನರ ಮೇಲೆ ಪ್ರಯೋಗ ಮಾಡಿದ ಕೆಟ್ಟ ಚರಿತ್ರೆ ಜಗತ್ತಿನಲ್ಲಿ ಇದೆ. ಮನುಷ್ಯರ ಮೇಲಿನ ಸಂಶೋಧನೆಗೆ ನೀತಿ ಹಾಕಿಕೊಟ್ಟ 1964ರ ಹೆಲ್ಸಿಂಕಿ ಘೋಷಣೆಯ ಹಿಂದೆ ಇರುವುದೂ ಅದೇ. ಆದರೆ ಆ ಹಾಳೆ ಅದೇ ಭಯಕ್ಕೆ ಉತ್ತರವಾಗಿ ಹುಟ್ಟಿದ್ದು. ಒಲ್ಲೆ ಅನ್ನಬಹುದು. ಒಪ್ಪಿದ ಮೇಲೂ ಮಧ್ಯದಲ್ಲಿ ಬಿಡಬಹುದು. ಬಿಟ್ಟರೆ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಮಾಡುವಂತಿಲ್ಲ. ಅಧ್ಯಯನ ಶುರುವಾಗುವ ಮೊದಲು ಎಥಿಕ್ಸ್ ಕಮಿಟಿ ಒಪ್ಪಬೇಕು. ಆ ಕಮಿಟಿಯಲ್ಲಿ ಡಾಕ್ಟರುಗಳಷ್ಟೇ ಅಲ್ಲ, ಕಾನೂನು ತಿಳಿದವರೊಬ್ಬರು, ಸಾಮಾನ್ಯ ಜನರ ಪರವಾಗಿ ಒಬ್ಬರು ಇರಲೇಬೇಕು.

ನಮ್ಮ ಕಡೆ ಇಂಥ ಅಧ್ಯಯನ ಅಪರೂಪವೂ ಅಲ್ಲ. ಮೈಸೂರು ಮೆಡಿಕಲ್ ಕಾಲೇಜು 1924ರಷ್ಟು ಹಳೆಯದು, ಅದರ ಜೊತೆಗಿರೋದು ಕೆ.ಆರ್. ಆಸ್ಪತ್ರೆ. ಮಂಡ್ಯದ ಮೆಡಿಕಲ್ ಕಾಲೇಜು ಮಿಮ್ಸ್ 2006ರದು. ಮೈಸೂರಿನಲ್ಲೇ ಜೆಎಸ್‌ಎಸ್ ಮೆಡಿಕಲ್ ಕಾಲೇಜೂ ಇದೆ. ಎಂಡಿ ಅಥವಾ ಎಂಎಸ್ ಮಾಡುವ ಪ್ರತಿ ಡಾಕ್ಟರೂ ಒಂದು ಥೀಸಿಸ್ ಬರೆಯಲೇಬೇಕು. ಅರಿವಳಿಕೆ ವಿಭಾಗದವರಿಗೆ ಆಪರೇಷನ್ ನಂತರದ ನೋವು ಅಂದರೆ ಕೈಗೆ ಸಿಗುವ ವಿಷಯ, ದಿನಾ ಕಣ್ಣೆದುರಿಗೇ ಇರುವಂಥದ್ದು.

ಮಾವನ ಅಧ್ಯಯನ ಸರಳವಾಗಿತ್ತು. ಹೊಟ್ಟೆಯ ಗೋಡೆಯಲ್ಲಿ ಮಾಂಸದ ಪದರಗಳ ನಡುವೆ ನರಗಳು ಹಾದುಹೋಗುತ್ತವೆ. ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಆ ಪದರಕ್ಕೆ ಮರಗಟ್ಟಿಸುವ ಔಷಧಿ ಬಿಟ್ಟರೆ ಗಾಯದ ಜಾಗದ ನೋವು ಕೆಲವು ಗಂಟೆ ತಣ್ಣಗಿರುತ್ತದೆ. ಇದಕ್ಕೆ ಟ್ಯಾಪ್ ಬ್ಲಾಕ್ ಅನ್ನುತ್ತಾರೆ. ಬ್ಲಾಕ್ 2001ರಿಂದ ಇದೆ, ಅಲ್ಟ್ರಾಸೌಂಡ್ ಅದಕ್ಕೆ ಆಮೇಲೆ ಸೇರಿಕೊಂಡದ್ದು. ಪ್ರಶ್ನೆ ಇಷ್ಟೇ: ಆ ಔಷಧಿಗೆ ಇನ್ನೊಂದು ಔಷಧಿಯನ್ನು ಸ್ವಲ್ಪ ಬೆರೆಸಿದರೆ ಅದು ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡುತ್ತಾ? ಎರಡೂ ಗುಂಪಿಗೂ ಬ್ಲಾಕ್ ಇದೆ, ಇಬ್ಬರಿಗೂ ಮಾಮೂಲಿ ನೋವಿನ ಔಷಧಿ ಇದೆ. ಯಾರನ್ನೂ ನೋವಿನಲ್ಲಿ ಬಿಟ್ಟು ನೋಡುವುದಿಲ್ಲ. ಇದನ್ನು ಹೇಳಿದ ಮೇಲೆ ಅತ್ತೆ ಸ್ವಲ್ಪ ಸಮಾಧಾನವಾದರು.

"ಯಾವ ಗುಂಪಿಗೆ ಹಾಕ್ತೀರಿ?" ಅಂತ ನಾನು ಕೇಳಿದೆ. "ಲಕೋಟೆ ಒಡದ ಮ್ಯಾಲೇ ಗೊತ್ತಾಗೂದ್ರಿ. ಅದೂ ನನಗಲ್ಲ" ಅಂದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಲಕೋಟೆ ಯಾಕೆ? ಡಾಕ್ಟರೇ ಆರಿಸಿದರೆ ಏನಾಗುತ್ತೆ? ಮನಸ್ಸು ಗೊತ್ತಿಲ್ಲದ ಹಾಗೆ ಮೋಸ ಮಾಡುತ್ತದೆ. ಗಟ್ಟಿ ಆಳುಗಳನ್ನೆಲ್ಲ ಹೊಸ ಔಷಧಿಯ ಕಡೆಗೆ ಹಾಕಿ, ಅಂಜುಬುರುಕರನ್ನು ಹಳೆಯ ಕಡೆಗೆ ಹಾಕಿದರೆ ಹೊಸದು ಗೆದ್ದೇ ಗೆಲ್ಲುತ್ತೆ. ಮಂಡ್ಯದವರಿಗೆ ಇದನ್ನು ಹೇಳೋದು ಸುಲಭ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಭತ್ತದ ತಳಿಗಳನ್ನು ಸಣ್ಣ ಸಣ್ಣ ತಾಕುಗಳಲ್ಲಿ ಪಕ್ಕ ಪಕ್ಕ ಬೆಳೆಸಿ ನೋಡೋದನ್ನು ಎಷ್ಟೋ ಜನ ಕಂಡಿದ್ದಾರೆ. ಹೊಸ ತಳಿಯನ್ನೆಲ್ಲ ನಾಲೆ ಪಕ್ಕದ ಫಲವತ್ತಾದ ತಾಕಿಗೆ ಹಾಕಿ, ಹಳೆಯದನ್ನು ದಿಣ್ಣೆಯ ಮೇಲೆ ಹಾಕಿದರೆ ಇಳುವರಿ ಯಾರದ್ದು? ತಳಿಯದ್ದೋ, ಮಣ್ಣಿನದ್ದೋ? ಅದಕ್ಕೇ ಯಾವ ತಾಕಿಗೆ ಯಾವ ತಳಿ ಅನ್ನೋದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಬೇಕು. ಈ ಉಪಾಯ ಹುಟ್ಟಿದ್ದೇ ಹೊಲದಲ್ಲಿ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಷರ್ ಅದನ್ನು ಗಟ್ಟಿ ಮಾಡಿದರು. 1948ರಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸಿದ ಬ್ರಿಟಿಷ್ ಅಧ್ಯಯನ ಅದೇ ಉಪಾಯವನ್ನು ಮನುಷ್ಯರಿಗೆ ತಂದಿತು. ಅಂದರೆ ಮಾವನ ಮಂಚದ ಹತ್ತಿರ ಬಂದ ಲಕೋಟೆ, ಒಂದು ಲೆಕ್ಕದಲ್ಲಿ, ಗದ್ದೆಯಿಂದಲೇ ಬಂದದ್ದು.

ಲಕೋಟೆ ಆದ ಮೇಲೆ ಗುಟ್ಟು. ಔಷಧಿ ತುಂಬಿದವರು ಒಬ್ಬರು, ನೋವಿನ ಅಂಕ ಬರೆದುಕೊಳ್ಳುವವರು ಇನ್ನೊಬ್ಬರು. ಯಾರಿಗೆ ಏನು ಕೊಟ್ಟಿದೆ ಅಂತ ರೋಗಿಗೂ ಗೊತ್ತಿಲ್ಲ, ಕೇಳುವವರಿಗೂ ಗೊತ್ತಿಲ್ಲ. ಗೊತ್ತಿದ್ದರೆ "ಈಗ ಪರವಾಗಿಲ್ಲ ಅಲ್ವಾ?" ಅಂತ ಕೇಳುವ ಧಾಟಿಯೇ ಬದಲಾಗುತ್ತದೆ. ಹಳ್ಳಿಯ ಹಿರಿಯರು ಮರ್ಯಾದೆಗೆ "ಹೂಂ ಕಣವ್ವ" ಅಂದುಬಿಡುತ್ತಾರೆ. ಅಂಕ ಕೆಟ್ಟಿತು.

ಇನ್ನು ನೋವು ತಡೆಯುವ ಬಗೆ. ಗಾಯದಿಂದ ಮಿದುಳಿಗೆ ಹೋಗುವ ನೋವನ್ನು ನಾಲೆಯ ನೀರು ಅಂದುಕೊಳ್ಳಿ. ಗಾಯದ ಜಾಗದಲ್ಲಿ ಶುರು, ನರದಲ್ಲಿ ಹರಿದು, ಬೆನ್ನುಹುರಿಯಲ್ಲಿ ಒಂದು ತೂಬು ದಾಟಿ, ಕೊನೆಗೆ ಮಿದುಳೆಂಬ ಗದ್ದೆ. ಹಿಂದೆಲ್ಲ ಒಂದೇ ಕಡೆ ದೊಡ್ಡ ಬಾಗಿಲು ಹಾಕುತ್ತಿದ್ದರು: ಮಾರ್ಫಿನ್ ಜಾತಿಯ ಔಷಧಿ. ಬಾಗಿಲು ಗಟ್ಟಿ, ಆದರೆ ಅದರ ಜೊತೆಗೆ ವಾಂತಿ, ತುರಿಕೆ, ಮಂಪರು, ಕಟ್ಟಿದ ಕರುಳು, ಜಾಸ್ತಿಯಾದರೆ ಉಸಿರೇ ನಿಧಾನ. ಅದರ ಬದಲು ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ತಡೆದರೆ? ಗಾಯದ ಹತ್ತಿರ ಐಬುಪ್ರೊಫೆನ್ ಥರದ ಊತ ಇಳಿಸುವ ಔಷಧಿ, ಜೊತೆಗೆ ಪ್ಯಾರಾಸಿಟಮಾಲ್, ನರದ ದಾರಿಯಲ್ಲಿ ಬ್ಲಾಕ್, ಇಷ್ಟಾದ ಮೇಲೂ ಉಳಿದದ್ದಕ್ಕೆ ಮಾತ್ರ ಮಾರ್ಫಿನ್. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಈ ಯೋಚನೆಯನ್ನು ಇನ್ನೂ ಮುಂದೆ ಒಯ್ದರು. ನೋವು ಇಳಿಸಿ, ಬೇಗ ಊಟ ಕೊಟ್ಟು, ಬೇಗ ನಡೆಸಿದರೆ ಕರುಳಿನ ದೊಡ್ಡ ಆಪರೇಷನ್ ಆದವರೂ ಎರಡೇ ದಿನಕ್ಕೆ ಮನೆಗೆ ಹೋಗಬಹುದು ಅಂತ 1995ರಲ್ಲಿ ತೋರಿಸಿದರು. ಈಗ ಆಸ್ಪತ್ರೆಗಳಲ್ಲಿ "ಇರಾಸ್" (ಆಪರೇಷನ್ ನಂತರ ಬೇಗ ಚೇತರಿಸಿಕೊಳ್ಳುವ ಕ್ರಮ) ಅನ್ನೋ ಹೆಸರಿನಲ್ಲಿ ಓಡಾಡುತ್ತಿರೋದು ಅದರ ಮರಿ.

ಎಲ್ಲಾ ಬಾಗಿಲೂ ಒಂದೇ ಸಮ ಅಲ್ಲ ಅನ್ನೋದಕ್ಕೆ ಡೆನ್ಮಾರ್ಕಿನದೇ ಇನ್ನೊಂದು ಉದಾಹರಣೆ. 2019ರಲ್ಲಿ ಬಂದ ಅಧ್ಯಯನದಲ್ಲಿ ಸೊಂಟದ ಕೀಲು ಬದಲಿಸಿಕೊಂಡ 556 ಜನರಿಗೆ ಬೇರೆ ಬೇರೆ ಜೋಡಿ ಕೊಟ್ಟು, ಮೊದಲ 24 ಗಂಟೆಯಲ್ಲಿ ಎಷ್ಟು ಮಾರ್ಫಿನ್ ಬೇಕಾಯಿತು ಅಂತ ನೋಡಿದರು. ಪ್ಯಾರಾಸಿಟಮಾಲ್ ಒಂದೇ ಕೊಟ್ಟವರಿಗೆ 36 ಮಿಲಿಗ್ರಾಂ, ಐಬುಪ್ರೊಫೆನ್ ಒಂದೇ ಕೊಟ್ಟವರಿಗೆ 26, ಎರಡೂ ಕೊಟ್ಟವರಿಗೆ 20. ಎರಡೂ ಸೇರಿದರೆ ಒಳ್ಳೆಯದು ಅಂತ ಹೆಡ್‌ಲೈನ್ ಬರೆಯೋದು ಸುಲಭ. ಆದರೆ ಐಬುಪ್ರೊಫೆನ್ ಒಂದಕ್ಕೂ ಜೋಡಿಗೂ ಇರುವ ಅಂತರ ಆರೇ ಮಿಲಿಗ್ರಾಂ. ರೋಗಿಗೆ ಮುಖ್ಯ ಅನ್ನಿಸಬೇಕಾದರೆ 10 ಇರಬೇಕು ಅಂತ ಸಂಶೋಧಕರು ಮೊದಲೇ ಬರೆದಿಟ್ಟಿದ್ದರು. ಅದಕ್ಕೇ ಅವರು ಐಬುಪ್ರೊಫೆನ್ನಿಗಿಂತ ಜೋಡಿ ಅಂಥ ಮೇಲೇನಲ್ಲ ಅಂದರು. ನನಗೆ ಇಷ್ಟವಾದದ್ದು ಫಲಿತಾಂಶಕ್ಕಿಂತ ಆ ಸಂಯಮ. (ಐಬುಪ್ರೊಫೆನ್ ಎಲ್ಲರಿಗೂ ಆಗಿಬರಲ್ಲ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರು ಇದನ್ನು ಓದಿ ಮೆಡಿಕಲ್ ಶಾಪಿಗೆ ಓಡಬೇಡಿ.)

ಮೊದಲೇ ಬರೆದಿಡುವುದು ಯಾಕೆ ಅಷ್ಟು ಮುಖ್ಯ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆ ಇದೆಯಲ್ಲ. ನೋವು ಇಳಿಯಲಿಲ್ಲ ಅಂತಾದರೆ "ನಾವು ನೋಡಿದ್ದು ವಾಂತಿಯನ್ನ, ಅದು ಕಡಿಮೆಯಾಯಿತಲ್ಲ" ಅನ್ನಬಹುದು. ಅದಕ್ಕೆ ಅವಕಾಶ ಕೊಡಬಾರದು ಅಂತಲೇ ನಮ್ಮ ದೇಶದಲ್ಲಿ 2007ರ ಜುಲೈನಲ್ಲಿ ಸಿಟಿಆರ್‌ಐ ಅನ್ನೋ, ಇಂಥ ಅಧ್ಯಯನಗಳ ನೋಂದಣಿ ಶುರುವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಅಲ್ಲಿ ದಾಖಲಾಗಬೇಕು. ಏನು ಅಳೆಯುತ್ತೀರಿ, ಯಾವಾಗ, ಎಷ್ಟು ಜನರಲ್ಲಿ, ಎಲ್ಲಾ ಅಲ್ಲಿರುತ್ತೆ. ಯಾರು ಬೇಕಾದರೂ ನೋಡಬಹುದು. ಮಾವನ ಹಾಳೆಯ ಮೇಲೂ ಆ ನಂಬರ್ ಇತ್ತು. ವಾರ್ಡಿನಲ್ಲೇ ಮೊಬೈಲಿನಲ್ಲಿ ಹಾಕಿ ನೋಡಿದೆ. ಬಂತು. ಆ ಕ್ಷಣಕ್ಕೆ ಅತ್ತೆಗೆ ಅದು ಯಾವ ಸಹಿಗಿಂತಲೂ ಜಾಸ್ತಿ ಧೈರ್ಯ ಕೊಟ್ಟಿತು.

ಈ ಕ್ಷೇತ್ರಕ್ಕೆ ಇಂಥ ಕಾವಲು ಸ್ವಲ್ಪ ಹೆಚ್ಚೇ ಬೇಕು. ಆಪರೇಷನ್ ನಂತರದ ನೋವಿನ ಬಗ್ಗೆ ದೊಡ್ಡ ಹೆಸರು ಮಾಡಿದ್ದ ಅಮೆರಿಕದ ಸ್ಕಾಟ್ ರೂಬೆನ್ ಅನ್ನುವ ಅರಿವಳಿಕೆ ತಜ್ಞ ಕನಿಷ್ಠ 21 ಲೇಖನಗಳಲ್ಲಿ ಅಂಕಿಗಳನ್ನು ಕಟ್ಟಿದ್ದು 2009ರಲ್ಲಿ ಬಯಲಾಯಿತು. ಮುಂದಿನ ವರ್ಷ ಜೈಲಿಗೂ ಹೋದರು. ಜಪಾನಿನ ಯೋಶಿತಾಕಾ ಫುಜಿ ಇನ್ನೂ ಮೇಲು. ಆಪರೇಷನ್ ನಂತರದ ವಾಂತಿಯ ಮೇಲೆ ರಾಶಿ ರಾಶಿ ಬರೆದ ಅವರ ಲೇಖನಗಳಲ್ಲಿ 172 ಕಟ್ಟುಕಥೆ ಅಂತ 2012ರಲ್ಲಿ ಅಲ್ಲಿನ ಅರಿವಳಿಕೆ ತಜ್ಞರ ಸಂಘದ ತನಿಖೆ ಹೇಳಿತು. ಇಂಗ್ಲೆಂಡಿನ ಜಾನ್ ಕಾರ್ಲೈಲ್ ಅನ್ನುವ ಡಾಕ್ಟರ್ ಆ ಲೇಖನಗಳ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರು. ರೋಗಿಗಳ ವಯಸ್ಸು, ತೂಕದಂಥವು ಗುಂಪಿನಿಂದ ಗುಂಪಿಗೆ ಇಷ್ಟು ನೀಟಾಗಿ ಹೊಂದಿಕೊಳ್ಳೋದು ಸಾಧ್ಯವೇ ಇಲ್ಲ ಅಂತ ತೋರಿಸಿದರು. ನಿಜವಾದ ಜನರ ಅಂಕಿ ಸ್ವಲ್ಪ ಒರಟಾಗಿರುತ್ತೆ. ನಮ್ಮ ಮಾವನ ಆಣೆ ಲೆಕ್ಕದ ಹಾಗೆ.

ಪಿಜಿ ಥೀಸಿಸ್‌ಗಳ ಮಿತಿಯನ್ನೂ ಹೇಳಬೇಕು. ಒಂದು ಗುಂಪಿನಲ್ಲಿ 30 ಜನ, ಇನ್ನೊಂದರಲ್ಲಿ 30 ಜನ. ಬ್ಲಾಕ್ ಎಷ್ಟು ಗಂಟೆ ಬಾಳಿತು ಅಂತ ತಿಳಿಯೋಕೆ ಇಷ್ಟು ಸಾಕಾಗಬಹುದು. ಆದರೆ "ಯಾರಿಗೂ ಏನೂ ತೊಂದರೆ ಆಗಲಿಲ್ಲ, ಸುರಕ್ಷಿತ" ಅಂತ ಕೊನೆಯಲ್ಲಿ ಬರೆದಿದ್ದರೆ ನಂಬಬೇಡಿ. 30 ಜನರಲ್ಲಿ ಒಬ್ಬರಿಗೂ ತೊಂದರೆ ಕಾಣದಿದ್ದರೂ ನಿಜವಾದ ಅಪಾಯ ನೂರಕ್ಕೆ ಹತ್ತರವರೆಗೆ ಇರಬಹುದು ಅನ್ನುತ್ತೆ ಲೆಕ್ಕ. ಮೂರನ್ನು ಜನರ ಸಂಖ್ಯೆಯಿಂದ ಭಾಗಿಸಿದರೆ ಬರುವ ಸುಲಭ ಸೂತ್ರ ಅದು. ಅಪರೂಪದ ತೊಂದರೆ ತಿಳಿಯಬೇಕಾದರೆ ಸಾವಿರಾರು ಜನ ಬೇಕು.

ಅಂಥ ದೊಡ್ಡ ಅಧ್ಯಯನವೊಂದರಲ್ಲಿ ಭಾರತವೂ ಇತ್ತು. 2022ರಲ್ಲಿ ಪ್ರಕಟವಾದ ಅದು ಏಳು ದೇಶಗಳ 81 ಆಸ್ಪತ್ರೆಗಳಲ್ಲಿ 13,301 ಜನರನ್ನು ನೋಡಿತು. ಪ್ರಶ್ನೆ ಕೇಳಿದರೆ ನಗು ಬರಬಹುದು: ಹೊಟ್ಟೆಯ ಆಪರೇಷನ್ ಮುಗಿಸಿ ಹೊಲಿಗೆ ಹಾಕುವ ಮುಂಚೆ ಗ್ಲೌಸ್ ಮತ್ತು ಸಲಕರಣೆ ಬದಲಿಸಿದರೆ ಗಾಯ ಕೀವಾಗೋದು ಕಡಿಮೆಯಾಗುತ್ತಾ? ಬದಲಿಸದ ಕಡೆ ನೂರಕ್ಕೆ 18.9 ಜನರಿಗೆ ಸೋಂಕು, ಬದಲಿಸಿದ ಕಡೆ 16. ನೂರಕ್ಕೆ ಮೂರು ಜನ ಅಂದರೆ ಕಡಿಮೆ ಅಲ್ಲ. ಇದಕ್ಕೆ ಸ್ವಲ್ಪ ಮುಂಚೆ, 2021ರಲ್ಲಿ, ಇಂಥದೇ ದೇಶಗಳಲ್ಲಿ 5,788 ಜನರಲ್ಲಿ ಇನ್ನೊಂದು ನೋಡಿದ್ದರು. ಚರ್ಮ ತೊಳೆಯೋಕೆ ಕ್ಲೋರ್‌ಹೆಕ್ಸಿಡಿನ್ ಬೆರೆತ ಸ್ಪಿರಿಟ್, ಹೊಲಿಗೆಗೆ ಕ್ರಿಮಿನಾಶಕ ಲೇಪಿಸಿದ ದಾರ. ಮಾಮೂಲಿ ಅಯೋಡಿನ್ ಮತ್ತು ಸಾದಾ ದಾರಕ್ಕಿಂತ ಏನೂ ಹೆಚ್ಚುಗಾರಿಕೆ ಕಾಣಲಿಲ್ಲ. ಕ್ರಿಮಿನಾಶಕದ ದಾರ ಸೋತಿತು, ಗ್ಲೌಸ್ ಬದಲಿಸೋದು ಗೆದ್ದಿತು. ಅಳೆದು ನೋಡದೇ ಬರೀ ಊಹೆ ಮಾಡಿದ್ದರೆ ನಾನಂತೂ ದಾರಕ್ಕೇ ಓಟು ಹಾಕುತ್ತಿದ್ದೆ.

ಆಪರೇಷನ್ನಿಗೆ ಮುಂಚೆ ಊಟ ಬಿಡಿಸುವ ವಿಷಯ ಬೇಗ ಹೇಳಿಬಿಡುತ್ತೇನೆ. ಅರಿವಳಿಕೆಯಲ್ಲಿರುವಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವನ್ನು 1946ರಲ್ಲಿ ನ್ಯೂಯಾರ್ಕಿನ ಮೆಂಡೆಲ್ಸನ್ ವಿವರಿಸಿದ ಮೇಲೆ "ರಾತ್ರಿಯಿಂದ ನೀರೂ ಮುಟ್ಟಬೇಡಿ" ಅನ್ನೋದು ಬೇರೂರಿತು. ಈಗಿನ ಮಾರ್ಗಸೂಚಿ ಬೇರೆ. ಹಗುರ ಊಟಕ್ಕೆ ಆರು ಗಂಟೆ, ತಿಳಿನೀರಿಗೆ ಎರಡೇ ಗಂಟೆ. ಹಾಲಿಲ್ಲದ ಕಾಫಿಯೂ ತಿಳಿನೀರೇ. ನಮ್ಮ ಮೈಸೂರಿನ ಹಾಲು ಹಾಕಿದ ಫಿಲ್ಟರ್ ಕಾಫಿ ಮಾತ್ರ ಊಟದ ಲೆಕ್ಕ. ಸಕ್ಕರೆ ಕಾಯಿಲೆ, ಕರುಳು ಕಟ್ಟಿರುವುದು, ಗರ್ಭಿಣಿ ಅಂದರೆ ಲೆಕ್ಕ ಬದಲಾಗಬಹುದು, ಅದಕ್ಕೆ ನಿಮ್ಮ ಅರಿವಳಿಕೆ ಡಾಕ್ಟರನ್ನೇ ಕೇಳಿ. ಆದರೆ ಕೇಳಿ.

ಮತ್ತೆ ಆ ಮೂರು ಚೆಂಡಿಗೆ ಬರುತ್ತೇನೆ. ಅದೊಂದನ್ನೇ ಕೊಟ್ಟರೆ ನ್ಯುಮೋನಿಯ ತಪ್ಪುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಪುರಾವೆ ಸಿಕ್ಕಿರೋದು ಬೇರೆಯದಕ್ಕೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಹೊಟ್ಟೆಯ ಮೇಲ್ಭಾಗದ ಆಪರೇಷನ್ ಆಗಬೇಕಿದ್ದ 441 ಜನರಲ್ಲಿ ಅರ್ಧದಷ್ಟು ಜನರಿಗೆ ಮುಂಚಿತವಾಗಿಯೇ ಫಿಸಿಯೋಥೆರಪಿಸ್ಟ್ ಒಬ್ಬರು ಅರ್ಧ ಗಂಟೆ ಕೂತು ಹೇಳಿದರು. ಉಸಿರು ಯಾಕೆ ಮುಖ್ಯ, ಎದ್ದ ಕೂಡಲೇ ಹೇಗೆ ಉಸಿರೆಳೆಯಬೇಕು, ಹೇಗೆ ಕೆಮ್ಮಬೇಕು, ಅಷ್ಟೇ. ಉಳಿದವರಿಗೆ ಓದಿಕೊಳ್ಳಲು ಬರೀ ಒಂದು ಪುಸ್ತಿಕೆ ಕೊಟ್ಟರು. ಪುಸ್ತಿಕೆಯವರಲ್ಲಿ ನೂರಕ್ಕೆ 27 ಜನರಿಗೆ ಶ್ವಾಸಕೋಶದ ತೊಂದರೆ ಬಂತು. ಹೇಳಿಸಿಕೊಂಡವರಲ್ಲಿ 12. ಇದು 2018ರಲ್ಲಿ ಪ್ರಕಟವಾಯಿತು. ಔಷಧಿ ಇಲ್ಲ, ಯಂತ್ರ ಇಲ್ಲ, ಒಂದು ಕುರ್ಚಿ ಮತ್ತು ಅರ್ಧ ಗಂಟೆ.

ನಮ್ಮ ವಾರ್ಡಿನಲ್ಲಿ ಆ ಅರ್ಧ ಗಂಟೆ ಆಪರೇಷನ್ ಆದ ಮೇಲೆ ಸಿಕ್ಕಿತು, ಅದೂ ಹುಬ್ಬಳ್ಳಿ ಹುಡುಗಿಯ ಊಟದ ಹೊತ್ತಿನಲ್ಲಿ. ಆಕೆ ಒಂದು ದಿಂಬನ್ನು ಮಾವನ ಗಾಯದ ಮೇಲೆ ಒತ್ತಿ ಹಿಡಿಸಿ, "ಈಗ ಕೆಮ್ಮರಿ, ಹೊಲಿಗಿ ಬಿಡಂಗಿಲ್ಲ" ಅಂದರು. ಮಾವ ಕಣ್ಣು ಮುಚ್ಚಿ ಕೆಮ್ಮಿದರು. ಹೊಲಿಗೆ ಬಿಡಲಿಲ್ಲ. ಎಷ್ಟು ಅಂತ ಕೇಳಿದರು. "ಎಂಟಾಣೆ ಇರ್ಬೌದು." ಆಮೇಲೆ ಚೆಂಡಿನ ಡಬ್ಬಿ ಕೈಗೆತ್ತಿಕೊಂಡು ಹೀರೋದು ತೋರಿಸಿದರು. ಮೊದಲ ಚೆಂಡು ಟಕ್ ಅಂತ ಎದ್ದಿತು. ಪಕ್ಕದ ಮಂಚದಲ್ಲಿ ಊದುತ್ತಿದ್ದವರೂ ತಿರುಗಿ ನೋಡಿ, ಊದೋದು ನಿಲ್ಲಿಸಿದರು.

ಆಪರೇಷನ್ ಆಗಿ ಮೂರು ತಿಂಗಳಾದ ಮೇಲೂ ಉಳಿಯುವ ನೋವಿಗೆ ಬೇರೆಯದೇ ಹೆಸರಿದೆ, ಅದನ್ನೂ ಎಣಿಸುತ್ತಾರೆ. ಹಾಗಾಗಿ ಮೂರು ತಿಂಗಳಿಗೆ ಸರಿಯಾಗಿ ಆ ಡಾಕ್ಟರ್ ಫೋನ್ ಮಾಡಿದ್ದರು. ನಾನು ಊರಿಗೆ ಹೋಗಿದ್ದೆ, ಪಕ್ಕದಲ್ಲೇ ಇದ್ದೆ. ಮಾವ ಕಬ್ಬಿಗೆ ನೀರು ಕಟ್ಟುತ್ತಾ, ಸನಿಕೆ ಕಂಕುಳಲ್ಲಿ ಸಿಕ್ಕಿಸಿಕೊಂಡು, ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು.

"ಬಗ್ಗಿದ್ರೆ ಒಂದಾಣೆ ಕಣವ್ವ. ಬರ್ಕೋ."